ಕುಚ್ಚಿನ ಡಿಸೈನ್ ಕದ್ದ ಜಗಳ ನನ್ನ ಮಟ್ಟಿಗೆ ನಿಂತಿದ್ದು ಹೀಗೆ

ಸೀರೆಗೆ ಕುಚ್ಚು ಹಾಕುವ ನಮ್ಮ ಗ್ರೂಪುಗಳಲ್ಲಿ ಶ್ರಾವಣಕ್ಕೆ ಮುಂಚೆ ಒಂದು ಜಗಳ ಗ್ಯಾರಂಟಿ. "ಇದು ನನ್ನ ಡಿಸೈನ್, ನೀವು ಕದ್ದಿದ್ದೀರಿ." ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ಬರುವ ಹೊತ್ತು ಅದು. ಎಲ್ಲರ ಕೈಯಲ್ಲೂ ಸೀರೆ, ಎಲ್ಲರ ಫೋಟೋನೂ ಅದೇ ವಾರ ಬೀಳುತ್ತದೆ, ಹೋಲಿಕೆ ಕಾಣದೆ ಇರುತ್ತಾ? ನಾನು ಕದ್ದವಳು ಅಂತಲೂ ಅನ್ನಿಸಿಕೊಂಡಿದ್ದೇನೆ, ಕದ್ದರು ಅಂತ ಕೂಗಾಡಿಯೂ ಇದ್ದೇನೆ. ಈಗ ಎರಡು ಸೀಸನ್ ಕಳೆಯಿತು, ಒಂದು ಜಗಳದಲ್ಲೂ ನನ್ನ ಹೆಸರು ಬಂದಿಲ್ಲ. "ಇದೆಲ್ಲಾ ನಡೆಯಲ್ಲ ಬಿಡಿ" ಅಂದಿದ್ದ ಅಕ್ಕಂದಿರೇ ಈಗ ಹೇಗೆ ಮಾಡಿದಿರಿ ಅಂತ ಮೆಸೇಜ್ ಹಾಕುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಒಂದು ಬ್ರೈಡಲ್ ಕುಚ್ಚಿನಿಂದ. ಕ್ರೋಶಾದಲ್ಲಿ, ಅಂದರೆ ಕೊಕ್ಕೆ ಕಡ್ಡಿಯಿಂದ ದಾರ ಹೆಣೆದು, ಎರಡು ಸಾಲು ಆರ್ಚ್, ಪ್ರತಿ ಆರ್ಚಿನ ಹೊಟ್ಟೆಯಲ್ಲಿ ಮೂರು ದಳದ ಹೂವು, ಕೆಳಗೆ ಒಂದು ಮುತ್ತು, ಅದರ ಕೆಳಗೆ ಎರಡು ಬಣ್ಣದ ಕುಚ್ಚು. ಒಬ್ಬ ಅಕ್ಕ ನನ್ನದನ್ನೂ ತಮ್ಮದನ್ನೂ ಪಕ್ಕಪಕ್ಕ ಇಟ್ಟು ಸ್ಕ್ರೀನ್‌ಶಾಟ್ ಹಾಕಿದರು. ನಾನು ನೋಡೇ ಇಲ್ಲ ಅಂದೆ. ಎಲ್ಲರೂ ಹಾಗೇ ಅನ್ನುವುದು, ಯಾರು ನಂಬುತ್ತಾರೆ? ಆ ವಾರ ಎರಡು ಮದುವೆ ಸೀರೆಯ ಆರ್ಡರ್ ಕೈಬಿಟ್ಟು ಹೋಯಿತು, ಒಂದೊಂದಕ್ಕೂ 2500ರ ಹತ್ತಿರ. ಅಡ್ವಾನ್ಸ್ ವಾಪಸ್ ಕೊಟ್ಟೆ. ತುಮಕೂರಿನಿಂದ ಬೆಂಗಳೂರಿನ ಮಾಮೂಲ್‌ಪೇಟೆಗೆ ಹೋಗಿ ಬಣ್ಣ ಹೊಂದಿಸಿ ತಂದಿದ್ದ ದಾರ, ಮಣಿ ಎಲ್ಲಾ ಡಬ್ಬಿಯಲ್ಲೇ ಉಳಿಯಿತು. ಆ ಗಿಣಿ ಹಸಿರು ರೀಲುಗಳು ಇವತ್ತಿಗೂ ಖಾಲಿಯಾಗಿಲ್ಲ.

ಸಿಟ್ಟಿಗೆ ಹುಡುಕುತ್ತಾ ಕೂತೆ. ಟರ್ಕಿಯ ಹೆಂಗಸರು ತಲೆಗೆ ಕಟ್ಟುವ ಬಟ್ಟೆಯ ಅಂಚಿಗೆ 'ಓಯ' ಅಂತ ಹಾಕುತ್ತಾರೆ, ಸೂಜಿಯಲ್ಲೂ ಹಾಕುತ್ತಾರೆ, ಕ್ರೋಶಾ ಕಡ್ಡಿಯಲ್ಲೂ ಹಾಕುತ್ತಾರೆ. ನೋಡಿದರೆ ಅದೇ ಆರ್ಚ್, ಅದೇ ಪುಟ್ಟ ದಳ, ಮಧ್ಯೆ ಮಣಿ! ತಲೆತಲಾಂತರದಿಂದ ಬಂದ ಕೆಲಸ ಅದು. ಗೆದ್ದೆ ಅಂದುಕೊಂಡು ಆ ಫೋಟೋಗಳನ್ನು ಗ್ರೂಪಿಗೆ ಹಾಕಿದೆ. "ಹಾಗಾದ್ರೆ ನೀವು ಟರ್ಕಿಯವರಿಂದ ಕದ್ದಿದ್ದಾ?" ಅಂತ ಉತ್ತರ ಬಂತು. ಅಲ್ಲಿಗೆ ವಾದ ಮಾಡುವುದನ್ನು ಬಿಟ್ಟೆ.

ಆಮೇಲೆ ನನ್ನದೇ ಕಾಪಿಯಾಗಲು ಶುರುವಾಯಿತು. ಫೋಟೋ ಮೂಲೆಯಲ್ಲಿ ಹೆಸರು ಹಾಕಿದೆ, ಕತ್ತರಿಸಿ ಹಾಕಿಕೊಂಡರು. ನಡುಮಧ್ಯೆ ದಪ್ಪಗೆ ಹಾಕಿದೆ, ಗಿರಾಕಿಗಳಿಗೆ ಕುಚ್ಚೇ ಕಾಣದೆ ವಿಚಾರಿಸುವವರೇ ಕಡಿಮೆಯಾದರು. ಕೆಲಸದ ಹಂತಗಳನ್ನು 99 ರೂಪಾಯಿಗೆ ವಿಡಿಯೋ ಮಾಡಿ ಮಾರಿದೆ. ಕೊಂಡವರು ನಾಲ್ಕೋ ಐದೋ ಜನ, ಅದು ಓಡಾಡಿದ್ದು ಮಾತ್ರ ಊರೆಲ್ಲಾ. ವಿಡಿಯೋಗೆ ಅಂತ ತಂದ ಲೈಟು, ಸ್ಟ್ಯಾಂಡಿಗೆ ಮೂರು ಸಾವಿರ ಬಿದ್ದಿತ್ತು.

ಡಿಸೈನ್ ರಿಜಿಸ್ಟರ್ ಮಾಡಿಸೋಣ ಅಂತಲೂ ಹೊರಟಿದ್ದೆ. 2000ನೇ ಇಸವಿಯ ಡಿಸೈನ್ಸ್ ಆಕ್ಟ್ ಇದೆಯಲ್ಲ, ಅದರಲ್ಲಿ ಹತ್ತು ವರ್ಷ ಹಕ್ಕು ಸಿಗುತ್ತದೆ, ಇನ್ನೈದು ವರ್ಷ ಮುಂದುವರಿಸಬಹುದು. ನಮ್ಮಂಥವರಿಗೆ ಅರ್ಜಿ ಫೀಸು ಸಾವಿರ ರೂಪಾಯಿ, ಬರೆದುಕೊಡುವವರ ಫೀಸು ಬೇರೆ. ಆದರೆ ಮೊದಲೇ ಜನರಿಗೆ ತೋರಿಸಿಬಿಟ್ಟ ಡಿಸೈನ್ ಹೊಸದು ಅಂತ ಲೆಕ್ಕಕ್ಕೇ ಬರುವುದಿಲ್ಲ. ನಾವೋ, ಕೊನೆ ಗಂಟು ಹಾಕುವ ಮುಂಚೆಯೇ ಸ್ಟೇಟಸ್ ಹಾಕುವ ಜನ. ಒಂದು ಕುಚ್ಚಿಗೆ ಸಾವಿರ ಕಟ್ಟಿದರೆ ಹಬ್ಬದೊಳಗೆ ಆ ಫ್ಯಾಶನ್ನೇ ಹೋಗಿರುತ್ತದೆ. ಕಾಪಿರೈಟ್ ಆದರೂ ಇದೆಯಾ ಅಂತ ವಕೀಲಿಕೆ ಮಾಡುವ ನಮ್ಮ ದೊಡ್ಡಪ್ಪನ ಮಗನನ್ನು ಕೇಳಿದೆ. "ಬರೀ ಐಡಿಯಾಗೆ ಕಾಪಿರೈಟ್ ಇಲ್ಲ ಕಣೆ, ಒಂದು ನಾಟಕ, ಸಿನಿಮಾ ಕೇಸಲ್ಲಿ ಸುಪ್ರೀಂ ಕೋರ್ಟು 1978ರಲ್ಲೇ ಹೇಳಿದೆ, ಸುಮ್ನೆ ಕುಚ್ಚು ಹಾಕು ಹೋಗು" ಅಂದ. ಒಂದು ಮಾತು ಮಾತ್ರ ಕೆಲಸಕ್ಕೆ ಬಂತು. ನಾನೇ ತೆಗೆದ ಫೋಟೋ ಮೇಲೆ ನನಗೆ ಹಕ್ಕಿದೆ, ಅದಕ್ಕೆ ರಿಜಿಸ್ಟರ್ ಬೇಕಿಲ್ಲ.

ಅಲ್ಲಿಂದ ಫೋಟೋ, ಐಡಿಯಾ ಎರಡನ್ನೂ ಬೇರೆ ಮಾಡಿಕೊಂಡೆ. ನನ್ನ ಫೋಟೋವನ್ನೇ ಎತ್ತಿ ತನ್ನ ಕೆಲಸ ಅಂತ ಹಾಕಿದರೆ ಬಿಡುವುದಿಲ್ಲ. ಒಂದು ಪೇಜಿನವರು ನನ್ನ ನವಿಲು ಬಣ್ಣದ ಕುಚ್ಚಿನ ಫೋಟೋ ಹಾಕಿ ಆರ್ಡರ್ ಹಿಡಿಯುತ್ತಿದ್ದರು. ರಿಪೋರ್ಟ್ ಹಾಕಿದೆ, ಕೆಲವೇ ದಿನದಲ್ಲಿ ತೆಗೆದರು. ಅದು ನನ್ನದೇ ಅಂತ ತೋರಿಸುವುದು ಸುಲಭವಾಯಿತು, ಯಾಕೆಂದರೆ ಸೆರಗಿನ ನಲವತ್ತು ಚಿಲ್ಲರೆ ಕುಚ್ಚಿನಲ್ಲಿ ಒಂದು ಕಡೆ ನಾನು ಒಂದು ಗುರುತು ಬಿಡುತ್ತೇನೆ. ಗಿರಾಕಿಗೂ ಗೊತ್ತಾಗುವುದಿಲ್ಲ. ಎಲ್ಲಿ, ಏನು ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆ ಅದನ್ನೂ ಕಾಪಿ ಹೊಡೆಯುತ್ತೀರಿ.

ಐಡಿಯಾ ವಿಷಯಕ್ಕೆ ಹಿಡಿದ ದಾರಿ ಚೀಟಿ. ಹೊಸದೇನಾದರೂ ಹೊಳೆದರೆ ಮೊದಲು ಹಳೆ ಫಾಲ್ ಬಟ್ಟೆಯ ನಾಲ್ಕು ಇಂಚು ತುಂಡಿನ ಮೇಲೆ ಹಾಕುತ್ತೇನೆ, ಮೂರೋ ನಾಲ್ಕೋ ಕುಚ್ಚು ಸಾಕು. ಅದನ್ನು ಉದ್ದ ನೋಟ್‌ಬುಕ್ಕಿಗೆ ಸ್ಟೇಪಲ್ ಹೊಡೆದು ತಾರೀಖು ಬರೆಯುತ್ತೇನೆ. ಕೆಳಗೆ ಯಾವುದು ಎಲ್ಲಿಂದ ಬಂತು ಅನ್ನುವ ಲೆಕ್ಕ. ಒಂದು ಪುಟ ಹೀಗಿದೆ (ಚೈನ್ ಅಂದರೆ ಕ್ರೋಶಾದ ಒಂದೊಂದು ಕುಣಿಕೆ, ಲಾಕ್ ಅಂದರೆ ದಾರ ಬಿಚ್ಚದಂತೆ ಕೊನೆಗೆ ಬಿಗಿಯುವುದು): "ಆರ್ಚ್, ಹಾಸನದ ಅಕ್ಕನದು, ಅವರದು ಏಳು ಚೈನ್, ನಾನು ಒಂಬತ್ತು ಮಾಡಿದೆ. ಮುತ್ತು ಕೂರಿಸಿದ್ದು ಓಯ ನೋಡಿ. ಬಣ್ಣ, ಕೊನೆ ಲಾಕ್ ನನ್ನದು." ಪುಟದ ಫೋಟೋ ಅವತ್ತೇ ನನ್ನ ನಂಬರಿಗೆ ನಾನೇ ವಾಟ್ಸಾಪ್ ಮಾಡಿಕೊಳ್ಳುತ್ತೇನೆ, ದಿನ ಸಮೇತ ಇರಲಿ ಅಂತ. ಪೋಸ್ಟ್ ಹಾಕುವಾಗ ಅದೇ ಚೀಟಿಯನ್ನು ಫೋಟೋ ಕೆಳಗೆ ಇಳಿಸುತ್ತೇನೆ, ಅಕ್ಕನ ಹೆಸರೂ ಸೇರಿಸಿ. ಅದಕ್ಕೂ ಮುಂಚೆ ಅವರಿಗೇ ಒಂದು ಮೆಸೇಜ್: "ಅಕ್ಕಾ, ನಿಮ್ಮ ಆರ್ಚ್ ತಗೊಂಡಿದ್ದೀನಿ, ಹೆಸರು ಹಾಕ್ತೀನಿ, ಆಗಬಹುದಾ?" ಮುಕ್ಕಾಲು ಪಾಲು ಜನ "ಹಾಕಮ್ಮ, ಅದಕ್ಕೇನಂತೆ" ಅನ್ನುತ್ತಾರೆ. ಒಬ್ಬರು ಬೇಡ ಅಂದರು, ನಾನು ಹಾಕಲಿಲ್ಲ. ಇನ್ನೊಬ್ಬರು 500 ಕೇಳಿದರು, ಕೊಟ್ಟೆ. ದುಡ್ಡು ಕೊಟ್ಟು ಕಾಪಿ ಮಾಡುವ ಪುಣ್ಯಾತ್ಗಿತ್ತಿ ಇವಳೊಬ್ಬಳೇ ಅಂತ ಗ್ರೂಪಿನಲ್ಲಿ ನಕ್ಕರು. ಆ 500 ಅದೇ ಡಿಸೈನಿನ ಮೊದಲ ಸೀರೆಯಲ್ಲೇ ಹುಟ್ಟಿತು.

ಎಲ್ಲರೂ ಹೆದರಿಸಿದ್ದು ಒಂದೇ ಮಾತು ಹೇಳಿ. ಇನ್ನೊಬ್ಬರ ಹೆಸರು ಹಾಕಿದರೆ ಗಿರಾಕಿ ಅವರ ಹತ್ತಿರಾನೇ ಹೋಗ್ತಾರೆ ಅಂತ. ಹೋಗಲ್ಲ ಕಣ್ರೀ! ನಮ್ಮ ಗಿರಾಕಿಗೆ ಬೇಕಾಗಿರುವುದು ಮುಹೂರ್ತದೊಳಗೆ ಸೀರೆ ಕೈಗೆ ಬರಬೇಕು, ಸೆರಗಿನ ಎಳೆ ಕೀಳಬಾರದು, ಒಗೆದರೆ ಬಣ್ಣ ಬಿಡಬಾರದು. ಆರ್ಚ್ ಮೊದಲು ಯಾರ ತಲೆಗೆ ಹೊಳೆಯಿತು ಅಂತ ನನ್ನನ್ನು ಇವತ್ತಿನವರೆಗೆ ಒಬ್ಬ ಮದುಮಗಳೂ ಕೇಳಿಲ್ಲ. ಆಗಿದ್ದು ಉಲ್ಟಾ. ನಾನು ಯಾರ ಹೆಸರು ಹಾಕಿದ್ದೆನೋ ಅವರು ಕೈ ತುಂಬಿದಾಗ ನನ್ನ ಕಡೆ ಕಳಿಸಲು ಶುರುಮಾಡಿದರು. ಸ್ಕ್ರೀನ್‌ಶಾಟ್ ಹಾಕಿದ್ದ ಆ ಅಕ್ಕನೇ ಹೋದ ಗೌರಿ ಹಬ್ಬಕ್ಕೆ ಎರಡು ಮೈಸೂರು ಸಿಲ್ಕ್ ಕಳಿಸಿದರು. ಆ ತಿಂಗಳು ಖರ್ಚು ಕಳೆದು ಹದಿನೆಂಟು ಸಾವಿರದ ಆಸುಪಾಸು ಉಳಿಯಿತು, ಅದಕ್ಕೆ ಮುಂಚೆ ಹತ್ತು ದಾಟಿದ್ದೇ ಅಪರೂಪ. ನನ್ನ ಚೀಟಿಯನ್ನೇ ಮಾದರಿ ಮಾಡಿಕೊಂಡು ಈಗ ಬೇರೆಯವರೂ ಬರೆಯುತ್ತಿದ್ದಾರೆ. ಆ ಐಡಿಯಾ ಯಾರದು ಅಂತ ಮಾತ್ರ ಯಾರೂ ಹಾಕುತ್ತಿಲ್ಲ, ನೋಡಿ!

ನಡುವೆ ಕಸೂತಿ ಹುಚ್ಚು ಹಿಡಿಯಿತು. ಇಳಕಲ್ ಸೀರೆಗೆ ಕಸೂತಿ ಗೋಪುರವನ್ನೇ ಕ್ರೋಶಾದಲ್ಲಿ ಇಳಿಸಿ ಅಂಚಿಗೆ ಕೂರಿಸೋಣ ಅಂತ. ಎಷ್ಟು ಬಿಚ್ಚಿ ಹಾಕಿದರೂ ಗೋಪುರ ಈಳಿಗೆ ಮಣೆ ತರಾನೇ ಬಂತು. ಕಸೂತಿಯಲ್ಲಿ ಗವಂತಿ, ಮುರ್ಗಿ ಅನ್ನುವ ಹೊಲಿಗೆಗಳೆಲ್ಲಾ ನೇರ ಗೆರೆ, ಬಟ್ಟೆಯ ಎಳೆ ಎಣಿಸಿ ಹಾಕುವುದು. ಕ್ರೋಶಾ ಚೈನ್ ಎಳೆದ ಕಡೆ ಬಾಗುತ್ತದೆ. ಕೈಬಿಟ್ಟೆ, ಆದರೆ ಧಾರವಾಡ ಕಡೆಯ ಒಬ್ಬ ಕಸೂತಿ ಅಮ್ಮನ ಜೊತೆ ಮಾತಾಡಿದ್ದು ಲಾಭ. ನಿಮ್ಮಲ್ಲಿ ಕಾಪಿ ಜಗಳ ಇಲ್ವಾ ಅಂತ ಕೇಳಿದೆ. "ಗೋಪುರ, ತೇರು, ಆನೆ ಎಲ್ಲಾರ ಸೀರಿ ಮ್ಯಾಲೂ ಅವ. ಹಿಂದ ತಿರುವಿ ನೋಡು, ಗಂಟು ಇಲ್ಲಂದ್ರ ಅಕೀ ಹಾಕ್ಯಾಳ ಅಂತ ತಿಳಿ" ಅಂದರು. ನಮ್ಮವರು ಕುಚ್ಚಿನ ಹಿಂಭಾಗ ತಿರುಗಿಸಿ ನೋಡಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ. ಆರ್ಚ್ ಯಾರು ಬೇಕಾದರೂ ಎಣಿಸಿ ಹಾಕಬಹುದು. ನನ್ನ ಕೊನೆ ಲಾಕ್ ಜಾರದೆ ನಿಲ್ಲುವುದು ಹೇಗೆ ಅನ್ನುವುದು ಫೋಟೋದಲ್ಲಿ ಸಿಗಲ್ಲ. ಅದು ಬೇಕಾದವರು ಕ್ಲಾಸಿಗೆ ಬನ್ನಿ, ಬ್ಯಾಚಿಗೆ ಆರು ಜನ, ತಲೆಗೆ 1500.

ಈ ವರ್ಷದ ಹೊಸ ತಲೆನೋವು ಬೇರೆ. ಗಿರಾಕಿಗಳು ಎಐ ಮಾಡಿದ ಚಿತ್ರ ಫೋನಿನಲ್ಲಿ ತಂದು ಇದೇ ಬೇಕು ಅನ್ನುತ್ತಾರೆ. ಮೊನ್ನೆ ಬಂದ ಒಂದು ಚಿತ್ರದಲ್ಲಿ ಮಣಿಗೆ ದಾರವೇ ಇಲ್ಲ, ಗಾಳಿಯಲ್ಲಿ ನಿಂತಿದೆ. ಹಾಕುವುದು ಎಲ್ಲಿಂದ? ಯಾರ ಯಾರ ಕುಚ್ಚು ಸೇರಿಸಿ ಆ ಚಿತ್ರ ಮಾಡಿದೆಯೋ, ಮೆಸೇಜ್ ಮಾಡಿ ಕೇಳಲು ಅಕ್ಕನೂ ಇಲ್ಲ. ಸದ್ಯಕ್ಕೆ ಚೀಟಿಯಲ್ಲಿ "ಕಂಪ್ಯೂಟರ್ ಚಿತ್ರ, ಗಿರಾಕಿ ತಂದಿದ್ದು" ಅಂತ ಬರೆದು, ಸ್ಯಾಂಪಲ್ ಹಾಕಲು 300 ಮೊದಲೇ ಇಸಿದುಕೊಳ್ಳುತ್ತಿದ್ದೇನೆ. ನೀವೆಲ್ಲಾ ಎಷ್ಟು ತಗೊಳ್ತಿದ್ದೀರಿ, ಹೇಳಿ.