ಬೀಟಲ್‌ಗೆ ಗುಜರಿ ರಿಮ್: ಹಿಂದೆ ಮಾತ್ರ ದಪ್ಪ ಟೈರು

ಮುಂದೆ ಹಳೇ ಅಳತೆಯ ಟೈರು, ಹಿಂದೆ ಗುಜರಿ ರಿಮ್ಮಿನ ಮೇಲೆ ದಪ್ಪ ಟೈರು ಅಂದಾಗ ಬೇಡ ಅಂದವರೇ ಜಾಸ್ತಿ. ಗಾಡಿ ಈಗ ಸಾವಿರಾರು ಕಿಲೋಮೀಟರ್ ಓಡಿದೆ. ಒಂದು ಬೋಲ್ಟೂ ಸಡಿಲವಾಗಿಲ್ಲ, ಸ್ಟಿಯರಿಂಗ್‌ನಲ್ಲಿ ನಡುಕವಿಲ್ಲ.

ನನ್ನದು 1970ರ ಮಾಡೆಲ್ ಫೋಕ್ಸ್‌ವ್ಯಾಗನ್ ಬೀಟಲ್. ನಾಲ್ಕು ಬೋಲ್ಟು, 4×130 (ಅಂದರೆ ಬೋಲ್ಟುಗಳು ಕೂರುವ ವೃತ್ತದ ವ್ಯಾಸ 130 ಮಿಲಿಮೀಟರ್), ಕಂಪನಿ ರಿಮ್ 4 ಜೆ, ಅಂದರೆ ಅಗಲ 4 ಇಂಚು. ಐದು ಬೋಲ್ಟಿನ 5×205 ಇಟ್ಟುಕೊಂಡವರಿಗೆ ಈ ದಾರಿ ಇಲ್ಲ. ನಾಲ್ಕು ಸಿಲಿಂಡರಿನ ಪೋರ್ಷೆ 914ಕ್ಕೂ ಇದೇ 4×130, ಇದೇ 15 ಇಂಚು. ಬಿಚ್ಚಿ ಮಾರುತ್ತಿದ್ದ ಅಂಥದೊಂದು ಗಾಡಿಯ 5.5 ಜೆ ರಿಮ್ ನಾಲ್ಕು ತಂದೆ, ಬೇಕಾಗಿದ್ದು ಎರಡೇ ಆದರೂ. ಒಳ್ಳೇದೇ ಆಯಿತು. ಬಿರುಕು ತೋರಿಸುವ ಕೆಂಪು ಡೈ ಹಚ್ಚಿ ಒರೆಸಿದರೆ ಒಂದರಲ್ಲಿ ಬೋಲ್ಟ್ ತೂತಿನಿಂದ ಕೂದಲೆಳೆಯಷ್ಟು ಗೆರೆ ಕಾಣಿಸಿತು. ಅದನ್ನು ಒಡೆದು ಹಾಕಿದೆ, ಇನ್ನೊಬ್ಬರ ಕೈಗೆ ಹೋಗಬಾರದು. ಇನ್ನೊಂದರ ಅಂಚು ಬೆಂಡಾಗಿತ್ತು. ಉಳಿದೆರಡನ್ನು ಬ್ರೇಕ್ ಡ್ರಮ್ಮಿಗೆ ಕಟ್ಟಿ, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದೆ. ಓಲಾಟ ಒಂದು ಮಿಲಿಮೀಟರ್ ಒಳಗಿದ್ದರೆ ಮಾತ್ರ ನಾನು ಒಪ್ಪುವುದು.

ರಿಮ್ಮಿಗೆ ಹೋದದ್ದು ಹೊಸ ಅಲಾಯ್ ಜೋಡಿಯ ಬೆಲೆಯ ಮೂರನೇ ಒಂದು ಭಾಗ. ಬ್ಲಾಸ್ಟಿಂಗ್ (ಮರಳು ಚಿಮ್ಮಿಸಿ ತುಕ್ಕು ತೆಗೆಯುವುದು), ಬಣ್ಣ, ಸರಿಯಾದ ಬೋಲ್ಟು ಸೇರಿ ಅಷ್ಟೇ ಮತ್ತೆ ಹೋಯಿತು. ಬೋಲ್ಟಿನಲ್ಲಿ ಮಾತ್ರ ಜಿಪುಣತನ ಬೇಡ. ದುಂಡು ಸೀಟಿನ (ಬೋಲ್ಟಿನ ತಲೆ ಕೂರುವ ಗುಳಿ) ರಿಮ್ಮಿಗೆ ಕೋನ್ ಬೋಲ್ಟ್ ಹಾಕಿದರೆ ಒಂದು ಗೆರೆಯಲ್ಲಷ್ಟೇ ಹಿಡಿಯುತ್ತದೆ. ಸೀಟಿಗೆ ಮಾರ್ಕರ್ ಬಳಿದು, ಬಿಗಿ ಮಾಡಿ ಬಿಚ್ಚಿ ನೋಡಿ, ಗೊತ್ತಾಗುತ್ತದೆ. ಡ್ರಮ್ಮಿಗೆ ಕೂರುವ ಮುಖದಲ್ಲಿ ಹೊಸ ಬಣ್ಣ ಇರಲೇಬಾರದು. ಬಣ್ಣ ನಲುಗಿದಂತೆ ಬೋಲ್ಟ್ ಸಡಿಲಾಗುತ್ತದೆ. ಟೈರ್ ಬೀಡ್ (ಟೈರಿನ ಒಳ ಅಂಚು) ಕೂರುವ ಜಾಗದ ತುಕ್ಕು ಪೂರ್ತಿ ಹೋಗುವಂತೆ ಮಾಡಲು ನನ್ನದೇ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಟೈರಿನ ವಿಷಯದಲ್ಲೇ ದುಡ್ಡು ಕರಗಿದ್ದು. ಮೊದಲು ಹಿಂದಕ್ಕೆ 205/70 (ಅಗಲ 205 ಮಿಲಿಮೀಟರ್, ಪಕ್ಕದ ಎತ್ತರ ಅದರ 70 ಪರ್ಸೆಂಟ್) ತಂದೆ. ನೋಡಲು ಗಂಭೀರ, ಆದರೆ ವ್ಯಾಸ ಸುಮಾರು 668 ಮಿಲಿಮೀಟರ್. ಮಡ್‌ಗಾರ್ಡ್ ಒಳಗೆ ಜೇಡಿಮಣ್ಣಿನ ಉಂಡೆ ಅಂಟಿಸಿ, ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿ ಉಬ್ಬು ಹತ್ತಿಸಿದೆ. ಉಂಡೆ ಚಪ್ಪಟೆಯಾಗಿ ಟೈರಿನ ಗೆರೆಗಳು ಅಚ್ಚೊತ್ತಿದ್ದವು! ಅವನ್ನು ಅರ್ಧ ಬೆಲೆಗೆ ಕೊಟ್ಟು 195/65ಕ್ಕೆ ಬಂದೆ. ಅದರದ್ದು ಸುಮಾರು 634, ಹಳೇ 165/80ರದ್ದು 645. ವ್ಯತ್ಯಾಸ ಎರಡು ಪರ್ಸೆಂಟಿಗಿಂತ ಕಡಿಮೆ, ಗೇರಿಗೆ ಏನೂ ಅನ್ನಿಸುವುದಿಲ್ಲ. ಉಂಡೆಗೂ ಟೈರಿಗೂ ಒಂದು ಬೆರಳು ಸಂದು ಉಳಿಯಿತು.

ಮುಂದೆ ಯಾಕೆ ಮುಟ್ಟಲಿಲ್ಲ ಅಂತ ಕೇಳುತ್ತಾರೆ. ಎಂಜಿನ್ ಹಿಂದಿರುವ ಗಾಡಿ, ತಿರುವಿನಲ್ಲಿ ಬಾಲ ಜಾರುವ ಗುಣ ಮೊದಲೇ ಇದೆ. ಮುಂದಿನ ಹಿಡಿತ ಹೆಚ್ಚಿಸಿದರೆ ಅದು ಇನ್ನೂ ಜಾಸ್ತಿ. ಜೊತೆಗೆ ಸ್ಪೀಡೋ ಕೇಬಲ್ ತಿರುಗುವುದೇ ಎಡ ಮುಂದಿನ ಚಕ್ರದಿಂದ, ಹಬ್ಬಿನ ಡಸ್ಟ್ ಕ್ಯಾಪಿನ ಚೌಕ ತೂತಿನ ಮೂಲಕ. ಸುಮ್ನೆ ನೋಡೋಣ ಅಂತ ಸ್ನೇಹಿತರ 145/65 ಜೋಡಿ ಮುಂದೆ ಹಾಕಿ ಓಡಿಸಿದ್ದೆ. ಜಿಪಿಎಸ್‌ನಲ್ಲಿ 80 ಇದ್ದಾಗ ಮುಳ್ಳು 90ರ ಹತ್ತಿರ.

ಗಾಳಿ ಮುಂದೆ 18, ಹಿಂದೆ 26 ಪಿಎಸ್ಐ ಆಸುಪಾಸು ಇಡುತ್ತೇನೆ. ಸ್ಟೆಪ್ನಿ ಹಳೇ ಅಳತೆಯದ್ದೇ, ಹಿಂದಕ್ಕೆ ಹಾಕಿದರೆ ಪಂಕ್ಚರ್ ಅಂಗಡಿವರೆಗೆ ಮಾತ್ರ. ಗಾಜು ತೊಳೆಯುವ ನೀರಿಗೆ ಒತ್ತಡ ಕೊಡುವುದೂ ಅದೇ ಟೈರಿನ ಗಾಳಿ, ಹಾಗಾಗಿ ಅದನ್ನು 42ರವರೆಗೆ ತುಂಬಿಸಿಡಿ.