ಮದುವೆ ಆಲ್ಬಮ್ ಸಾಲದು, ಸಂಸಾರದ ರಸೀದಿ ಬೇಕು

ನಮ್ಮ ಚಿಕ್ಕಪ್ಪನ ಮಗಳ ಮದುವೆ ಮಂಡ್ಯದ ಛತ್ರವೊಂದರಲ್ಲಿ ಆಯಿತು. ಹುಡುಗ ಮದ್ದೂರು ಕಡೆಯವನೇ, ಆದರೆ ಈಗ ಅಮೆರಿಕದ ಪ್ರಜೆ. ಸಾವಿರದ ಮೇಲೆ ಜನ ಬಂದಿದ್ದರು. ಆಮೇಲೆ ಬೀಗರೂಟ, ಮುದ್ದೆ, ಮಟನ್ ಸಾರು, ಯಾವುದಕ್ಕೂ ಕಮ್ಮಿ ಇರಲಿಲ್ಲ. ಇಷ್ಟೆಲ್ಲ ಆಗಿ, ಹುಡುಗ ಅಲ್ಲಿಂದ ಹೆಂಡತಿಯ ವೀಸಾಗೆ ಅರ್ಜಿ ಹಾಕಿ, ಕಾದು ಕಾದು ಸಾಕಾಗಿದ್ದಾಗ ಒಂದು ಪತ್ರ ಬಂತು. ಈ ಮದುವೆ ನಿಜವಾದದ್ದು ಎನ್ನುವುದಕ್ಕೆ ಇನ್ನೂ ಪುರಾವೆ ಕಳಿಸಿ ಅಂತ. ಚಿಕ್ಕಪ್ಪ ಕೆಂಡಾಮಂಡಲವಾದರು. ‘ಸಾವ್ರ ಜನ ಉಂಡೋಗವ್ರೆ, ಸುಳ್ಳಾ ಅದು?’

ತಪ್ಪು ನಮ್ಮದೇ ಇತ್ತು. ಪರಿಚಯದ ಏಜೆಂಟ್ ಒಬ್ಬರ ಮಾತು ಕೇಳಿ ಇನ್ನೂರು ಫೋಟೊ ಕಳಿಸಿದ್ದೆವು. ಇನ್ನೂರೂ ಮದುವೆ ಮನೆಯವೇ. ಛತ್ರ ಬುಕ್ ಆಗಿತ್ತು, ವಾಲಗ ಊದಿದರು, ತಾಳಿ ಕಟ್ಟಿದರು. ಇದರ ಬಗ್ಗೆ ಅಲ್ಲಿನ ಅಧಿಕಾರಿಗೆ ಅನುಮಾನವೇ ಇರಲಿಲ್ಲ. ದುಡ್ಡು ಕೊಟ್ಟರೆ ನಾಟಕದ ಮದುವೆಗೂ ಛತ್ರ ಸಿಗುತ್ತದೆ, ಅಲ್ವಾ? ಅವರು ಕೇಳುತ್ತಿದ್ದದ್ದು ಬೇರೆ. ಇವರಿಬ್ಬರೂ ಸಂಸಾರ ಮಾಡೋಣ ಅಂತ ಮದುವೆಯಾದರಾ, ವೀಸಾಗೋಸ್ಕರ ಆದರಾ? ಆ ಫೈಲನ್ನು ಎರಡನೇ ಸಲ ಜೋಡಿಸುವಾಗ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಅಮೆರಿಕದ ಕೇಸು, ಹಾಗಾಗಿ ಫಾರಂ, ಶುಲ್ಕ ಎಲ್ಲ ಅಲ್ಲಿಯವು.

ಅವರು ಇಷ್ಟು ಬಿಗಿಯಾಗಿರುವುದಕ್ಕೂ ಕಾರಣ ಇದೆ. ಸುಳ್ಳು ಮದುವೆ ತಡೆಯಲೆಂದೇ 1986ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಸಿಕ್ಕಿಬಿದ್ದರೆ 5 ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಅದಕ್ಕಿಂತ ಭಯಂಕರವಾದದ್ದು ಇನ್ನೊಂದು. ಒಂದು ಸಲ ‘ವೀಸಾಗೋಸ್ಕರ ಮದುವೆ’ ಅಂತ ತೀರ್ಮಾನವಾದರೆ, ಮುಂದೆ ನಿಜವಾಗಿಯೇ ಮತ್ತೊಬ್ಬರನ್ನು ಮದುವೆಯಾದರೂ ಆ ವ್ಯಕ್ತಿಗೆ ಅಂಥ ಅರ್ಜಿ ಮಂಜೂರಾಗುವುದಿಲ್ಲ. ಆದ್ದರಿಂದ ಇಲ್ಲದ ಕಾಗದ ಹುಟ್ಟಿಸುವ ಬುದ್ಧಿವಂತಿಕೆ ಯಾರಾದರೂ ಹೇಳಿಕೊಟ್ಟರೆ ಕೈಮುಗಿದು ಎದ್ದು ಬನ್ನಿ.

ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿ

ಛತ್ರದ ರಸೀದಿ, ದೇವಸ್ಥಾನದ ಚೀಟಿ ಇವು ಮದುವೆ ಸರ್ಟಿಫಿಕೇಟ್ ಅಲ್ಲ. ಇಬ್ಬರೂ ಹಿಂದೂಗಳಾದರೆ 1955ರ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿ. ಹುಡುಗ ರಜೆ ಮುಗಿಸಿ ವಿಮಾನ ಹತ್ತುವ ಮುಂಚೆಯೇ ಈ ಕೆಲಸ ಮುಗಿಯಲಿ, ಆಮೇಲೆ ಮಾಡೋಣ ಅಂದರೆ ಅವನು ಮತ್ತೆ ಬರಬೇಕಾಗಬಹುದು. ಬೇರೆ ಬೇರೆ ಧರ್ಮದವರಾದರೆ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ನೋಟಿಸ್ ಕೊಡುವ ಮುಂಚೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ಎರಡು ವಾರದ ರಜೆ ಹಾಕಿ ಬಂದವರಿಗೆ ಇದು ತಲೆನೋವು.

ಇಬ್ಬರಲ್ಲಿ ಯಾರಿಗಾದರೂ ಮೊದಲು ಮದುವೆಯಾಗಿ ಬಿಟ್ಟಿದ್ದರೆ ಕೋರ್ಟಿನ ಡಿಕ್ರಿ ಇಟ್ಟುಕೊಳ್ಳಿ. ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆಸಿಕೊಂಡ ಬಿಡುಗಡೆ ಪತ್ರ ನಂಬಿ ಕೂರಬೇಡಿ.

ಒಂದು ಪುಟದ ಕಥೆ

ಅರ್ಜಿಯ ಹೆಸರು ಐ-130, ಜೊತೆಗೆ ಹೆಂಡತಿಯ ವಿವರಕ್ಕೆ ಐ-130ಎ. 2024ರ ಏಪ್ರಿಲ್‌ನಲ್ಲಿ ಬಂದ ದರದ ಪ್ರಕಾರ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಿ ಕಳಿಸಿದರೆ 675. ಫಾರಂ ತುಂಬುವುದು ಕಷ್ಟವಲ್ಲ. ಆದರೆ ಅದರ ಮೇಲೆ ಒಂದು ಪುಟದ ಕಥೆ ಇಡಿ, ಇದನ್ನು ಯಾರೂ ನಮಗೆ ಮೊದಲ ಸಲ ಹೇಳಲಿಲ್ಲ. ಜಾತಕ ಯಾವಾಗ ಬಂತು, ಯಾರು ತಂದರು, ಮೊದಲು ಫೋನಿನಲ್ಲಿ ಮಾತಾಡಿದ್ದು ಎಂದು, ಹೆಣ್ಣು ನೋಡಲು ಬಂದದ್ದು ಎಂದು, ನಿಶ್ಚಿತಾರ್ಥ, ಮದುವೆ, ನೋಂದಣಿ, ಅವನು ವಾಪಸ್ ಹೋದ ದಿನ, ಮತ್ತೆ ಬಂದ ದಿನ, ಹೀಗೆ ತಾರೀಖಿನ ಸಮೇತ ಒಂದರ ಕೆಳಗೆ ಒಂದು. ಉಳಿದ ಪ್ರತಿಯೊಂದು ಕಾಗದವೂ ಈ ಪುಟದ ಯಾವುದೋ ಒಂದು ಸಾಲಿಗೆ ಸಾಕ್ಷಿ ಹೇಳಬೇಕು. ಯಾವ ಸಾಲಿಗೂ ಸೇರದ ಕಾಗದ ಬೇಡ.

ನಮ್ಮಲ್ಲಿ ನೋಡಿದ ಮೂರೇ ವಾರಕ್ಕೆ ಮದುವೆಯಾಗುವುದು ಮಾಮೂಲಿ. ಅಲ್ಲಿ ಫೈಲ್ ನೋಡುವವರಿಗೆ ಅದೇ ಮೊದಲ ಅನುಮಾನ. ಬಚ್ಚಿಡಬೇಡಿ, ನೇರವಾಗಿ ಬರೆಯಿರಿ. ಹಿರಿಯರು ನೋಡಿ ಮಾಡಿದ ಮದುವೆ, ಹುಡುಗನಿಗೆ ಇಷ್ಟೇ ದಿನ ರಜೆ ಇತ್ತು, ಆಷಾಢ ಶುರುವಾಗುವ ಮುಂಚೆ ಇದ್ದ ಮುಹೂರ್ತ ಇದೊಂದೇ.

ಆಷಾಢ ಅಂದೆ ನೋಡಿ, ನಮಗೆ ಪೆಟ್ಟು ಬಿದ್ದದ್ದು ಅಲ್ಲೇ. ಮದುವೆಯಾಗಿ ತಿಂಗಳಾದ ಮೇಲೆ ಹುಡುಗ ಮತ್ತೆ ಹತ್ತು ದಿನಕ್ಕೆ ಬಂದಿದ್ದ. ಆಗ ಆಷಾಢ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ತಂಗಿ ತವರಿನಲ್ಲಿದ್ದಳು, ಅವನು ಮದ್ದೂರಿನ ಮನೆಯಲ್ಲಿದ್ದ. ಫಾರಂನಲ್ಲಿ ಇಬ್ಬರ ವಿಳಾಸ ಬೇರೆ ಬೇರೆ. ಹೊಸ ಮದುಮಕ್ಕಳು, ಸಮುದ್ರ ದಾಟಿ ಬಂದ ಗಂಡ, ಆದರೂ ಬೇರೆ ಬೇರೆ ಮನೆ! ಈ ಕಡೆ ಹುಟ್ಟಿದ ಯಾರಿಗಾದರೂ ಇದು ವಿವರಿಸುವ ಸಂಗತಿಯೇ ಅಲ್ಲ, ಆದರೆ ಸಾಗರದಾಚೆ ಮೇಜಿನ ಹಿಂದೆ ಕೂತವರಿಗೆ ಅದು ಗಂಡ ಹೆಂಡತಿ ಲಕ್ಷಣವಾ? ಎರಡನೇ ಸಲ ನಾಲ್ಕು ಸಾಲಿನಲ್ಲಿ ಪದ್ಧತಿ ವಿವರಿಸಿದೆವು. ಜೊತೆಗೆ ಆಷಾಢ ಶುಕ್ರವಾರ ಇಬ್ಬರೂ ಮನೆಯವರ ಜೊತೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಆ ನೂಕುನುಗ್ಗಲಿನಲ್ಲಿ ತೆಗೆಸಿಕೊಂಡ ಫೋಟೊ ಇಟ್ಟೆವು. ಅದರಲ್ಲಿ ಇಬ್ಬರೂ ಬೆವೆತು ಹೋಗಿದ್ದಾರೆ, ತಂಗಿ ಮುಖ ಸಿಂಡರಿಸಿಕೊಂಡಿದ್ದಾಳೆ. ಸ್ಟುಡಿಯೊ ಫೋಟೊಗಿಂತ ಅಂಥದ್ದೇ ವಾಸಿ.

ದುಡ್ಡಿನ ಕಾಗದ, ಬೇಜಾರಿನ ಕಾಗದ

ವಲಸೆ ಇಲಾಖೆ ತಾನೇ ಹೇಳುವ ಪುರಾವೆಗಳು ಇವು: ಇಬ್ಬರ ಹೆಸರಿನಲ್ಲಿರುವ ಆಸ್ತಿ, ಒಟ್ಟಿಗೆ ವಾಸವಿದ್ದ ಮನೆಯ ಕರಾರು, ಜಂಟಿ ಖಾತೆ, ಮಕ್ಕಳ ಜನನ ಪತ್ರ, ತಿಳಿದವರ ಪ್ರಮಾಣಪತ್ರ. ಹೊಸ ಮದುವೆ, ಒಬ್ಬರು ಅಲ್ಲಿ, ಒಬ್ಬರು ಇಲ್ಲಿ. ಇದರಲ್ಲಿ ಅರ್ಧ ನಮ್ಮ ಹತ್ತಿರ ಇರಲಿಲ್ಲ. ಇರುವುದನ್ನು ಹುಡುಕಿದೆವು. ಅವನ ಆಫೀಸಿನ ವಿಮೆಯಲ್ಲಿ, ನಿವೃತ್ತಿ ಖಾತೆಯಲ್ಲಿ ಹೆಂಡತಿ ನಾಮಿನಿ. ತಂಗಿಯ ಎಲ್‌ಐಸಿಯಲ್ಲಿ ಅಪ್ಪನ ಹೆಸರು ತೆಗೆದು ಗಂಡನ ಹೆಸರು. ಅವನು ತಿಂಗಳು ತಿಂಗಳು ಕಳಿಸಿದ ದುಡ್ಡಿನ ಬ್ಯಾಂಕ್ ಸ್ಟೇಟ್‌ಮೆಂಟ್. ಅವಳ ಹಲ್ಲು ನೋವಿಗೆ ಅವನು ಅಲ್ಲಿಂದಲೇ ಕಟ್ಟಿದ ಬಿಲ್ಲು. ವಿಮಾನದ ಟಿಕೆಟ್, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮುದ್ರೆ.

ಜಂಟಿ ಖಾತೆ ತೆರೆಯುವುದಾದರೆ ಮದುವೆಯಾದ ಹೊಸತರಲ್ಲೇ ತೆರೆಯಿರಿ, ಮತ್ತು ಅದರಲ್ಲಿ ವ್ಯವಹಾರ ನಡೆಯಲಿ. ಪುರಾವೆ ಕೇಳಿ ಪತ್ರ ಬಂದ ವಾರ ಸಾವಿರ ರೂಪಾಯಿ ಹಾಕಿ ತೆರೆದ ಖಾತೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಒಂದು ಎಚ್ಚರಿಕೆ. ಡಿಸೆಂಬರ್ 31ಕ್ಕೆ ಮದುವೆಯಾಗಿದ್ದರೆ ಅಮೆರಿಕದ ತೆರಿಗೆ ಲೆಕ್ಕದಲ್ಲಿ ಆ ಇಡೀ ವರ್ಷಕ್ಕೆ ನೀವು ವಿವಾಹಿತರು. ಹೆಂಡತಿ ಇನ್ನೂ ಮಂಡ್ಯದಲ್ಲಿದ್ದಾಳಲ್ಲ ಅಂತ ‘ಸಿಂಗಲ್’ ಎಂದು ರಿಟರ್ನ್ಸ್ ಹಾಕಿದರೆ, ಒಂದು ಇಲಾಖೆಗೆ ಮದುವೆಯಾಗಿದೆ ಅಂದು ಇನ್ನೊಂದಕ್ಕೆ ಆಗಿಲ್ಲ ಅಂದ ಹಾಗೆ. ಹಾಕಿಬಿಟ್ಟಿದ್ದರೆ ತಿದ್ದುಪಡಿ ಮಾಡಿಸಿ.

ವಾಟ್ಸ್‌ಆ್ಯಪ್ ಚಾಟನ್ನು ಸಾವಿರ ಪುಟ ಪ್ರಿಂಟ್ ಹಾಕಿಸಬೇಡಿ, ಯಾರೂ ಓದುವುದಿಲ್ಲ. ತಿಂಗಳಿಗೆ ಒಂದೆರಡು ಪುಟ, ತಾರೀಖು ಕಾಣುವಂತೆ. ಪ್ರೇಮದ ಮಾತೇ ಇರಬೇಕು ಅಂತಿಲ್ಲ. ‘ಅತ್ತೆಗೆ ಬಿಪಿ ಮಾತ್ರೆ ತಗೊಂಡ್ಯಾ’ ಅಂತ ಕೇಳಿದ್ದೇ ದೊಡ್ಡ ಸಾಕ್ಷಿ. ಫೋಟೊ ಇಪ್ಪತ್ತು ಸಾಕು. ಬೇರೆ ಬೇರೆ ದಿನದ್ದು, ಬೇರೆ ಬೇರೆ ಊರಿನದ್ದು, ಎರಡೂ ಮನೆಯವರು ಇರುವಂಥದ್ದು, ಕೆಳಗೆ ಯಾರು, ಎಲ್ಲಿ, ಯಾವಾಗ ಅಂತ ಒಂದು ಸಾಲು.

ನಮ್ಮ ಫೈಲಿನಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಮುಯ್ಯಿ ಪುಸ್ತಕ. ಮದುವೆ ಮನೆ ಬಾಗಿಲಲ್ಲಿ ಕೂತು ಮಾವ ಬರೆದದ್ದು. ಯಾವ ಊರಿನ ಯಾರು, ಎಷ್ಟು ಮುಯ್ಯಿ. ನೂರಾ ಒಂದರಿಂದ ಹಿಡಿದು ಎಲ್ಲವೂ ಇದೆ. ಮೊದಲ ಎರಡು ಪುಟ ಇಂಗ್ಲಿಷಿಗೆ ಅನುವಾದ ಮಾಡಿಸಿ ಇಟ್ಟೆವು. ಈ ದುಡ್ಡನ್ನು ಅವರವರ ಮನೆ ಮದುವೆಗೆ ವಾಪಸ್ ಕೊಡಬೇಕು ಅಂತಲೂ ಬರೆದೆವು. ನಾಟಕದ ಮದುವೆಗೆ ಯಾರಾದರೂ ಇಷ್ಟು ಜನರ ಸಾಲ ಹೊತ್ತುಕೊಳ್ಳುತ್ತಾರಾ?

ಬೇರೆಯವರ ಮಾತು, ಅನುವಾದ, ಹೆಸರಿನ ಗೋಳು

ಪ್ರಮಾಣಪತ್ರ ಬರೆಯುವವರು ತಮ್ಮ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ, ಊರು ಕೊಟ್ಟು, ತಾವು ಕಣ್ಣಾರೆ ಕಂಡದ್ದನ್ನು ಬರೆಯಬೇಕು. ‘ಇವರದು ಆದರ್ಶ ದಾಂಪತ್ಯ’ ಎಂಬ ಸಾಲಿಗೆ ಬೆಲೆಯಿಲ್ಲ. ನಮ್ಮ ಪಕ್ಕದ ಮನೆಯವರು ‘ಅಳಿಯ ಬಂದಾಗ ನಮ್ಮ ಸ್ಕೂಟರ್ ಇಸ್ಕೊಂಡು ಇಬ್ಬರೂ ಮೇಲುಕೋಟೆಗೆ ಹೋದರು, ಬರುವಾಗ ಪುಳಿಯೋಗರೆ ತಂದುಕೊಟ್ಟರು’ ಅಂತ ಬರೆದರು. ಅದು ಸಾಕ್ಷಿ.

ಕನ್ನಡದ ಎಲ್ಲ ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಿಸಿದವರು ಬರೆದು ಸಹಿ ಹಾಕಬೇಕು. ಲಗ್ನಪತ್ರಿಕೆ ಅನುವಾದಿಸುವಾಗ ಜೋಪಾನ. ನಮ್ಮ ಮೊದಲ ಅನುವಾದದಲ್ಲಿ ‘ಚಿ. ಸೌ.’ ಎಂಬುದು ತಂಗಿಯ ಹೆಸರಿನ ಭಾಗವಾಗಿಬಿಟ್ಟಿತ್ತು! ಅದೂ ಅಲ್ಲದೆ ಗೌಡ ಎಂಬುದನ್ನು ಇಂಗ್ಲಿಷಿನಲ್ಲಿ ಆಧಾರ್‌ನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ ಬರೆದಿದ್ದರು, ಇನಿಶಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಎಲ್ಲ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಿ ಇಟ್ಟೆವು.

ಮೈಸೂರಿನ ಗೋಕುಲಂನಂಥ ಕಡೆ ಯೋಗ ಕಲಿಯಲು ಬಂದ ವಿದೇಶಿಯರನ್ನು ಪ್ರೀತಿಸಿ ಮದುವೆಯಾದವರ ಕಷ್ಟ ಇನ್ನೊಂದು ಬಗೆ. ಹುಡುಗಿ ಕಡೆಯವರು ಮದುವೆಗೆ ಬಂದಿರುವುದಿಲ್ಲ, ಭಾಷೆ ಬೇರೆ, ಕೆಲವೊಮ್ಮೆ ವಯಸ್ಸಿನ ಅಂತರ. ಅಂಥವರಿಗೆ ಒಟ್ಟಿಗೆ ಬಾಳಿದ ಮನೆಯೇ ಬಲ. ಇಬ್ಬರ ಹೆಸರಿರುವ ಬಾಡಿಗೆ ಕರಾರು, ಮತ್ತು ವಿದೇಶಿಯರು ಬಂದ 24 ಗಂಟೆಯೊಳಗೆ ಮನೆ ಮಾಲೀಕರು ಕೊಡಬೇಕಾದ, ಜನ ಸಿ ಫಾರಂ ಅನ್ನುವ ಮಾಹಿತಿಯ ಪ್ರತಿ. ವಿಶೇಷ ವಿವಾಹದ ನೋಟಿಸ್ ಪ್ರತಿಯನ್ನೂ ಬಿಸಾಡಬೇಡಿ.

ಪತ್ರ ಬಂದರೆ, ಮುಂಬಯಿಗೆ ಕರೆದರೆ

ಪುರಾವೆ ಕೇಳಿ ಪತ್ರ ಬಂದರೆ ಹೆದರಬೇಡಿ, ಅದು ತಿರಸ್ಕಾರ ಅಲ್ಲ. ಆದರೆ 12 ವಾರಕ್ಕಿಂತ ಜಾಸ್ತಿ ಗಡುವು ಕೊಡುವುದಿಲ್ಲ, ಉತ್ತರ ಕಳಿಸಲು ಇರುವುದು ಒಂದೇ ಅವಕಾಶ. ಇವತ್ತು ಸ್ವಲ್ಪ, ಮುಂದಿನ ವಾರ ಸ್ವಲ್ಪ ಅಂತ ಕಂತಿನಲ್ಲಿ ಕಳಿಸಿದರೆ ಮೊದಲ ಕಂತು ನೋಡಿಯೇ ತೀರ್ಮಾನ ಮಾಡಿಬಿಡಬಹುದು.

ಅರ್ಜಿ ಮಂಜೂರಾದ ಮೇಲೆ ಫೈಲ್ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಗಂಡನ ಆದಾಯ ಅಲ್ಲಿನ ಸರ್ಕಾರ ಹಾಕಿದ ಬಡತನ ರೇಖೆಯ ಶೇ 125ರಷ್ಟಾದರೂ ಇದೆ ಎಂದು ಐ-864 ಫಾರಂನಲ್ಲಿ ತೋರಿಸಬೇಕು. ಆಮೇಲೆ ಸಂದರ್ಶನ. ತಂಗಿಯದು ಮುಂಬಯಿ ಕಾನ್ಸುಲೇಟ್‌ನಲ್ಲಿತ್ತು. ಗಂಡ ಬರಲೇಬೇಕು ಅಂತಿಲ್ಲ. ಮೂಲ ಕಾಗದಗಳು ಬೇಕೇ ಬೇಕು.

ಹಿಂದಿನ ರಾತ್ರಿ ಉತ್ತರ ಬಾಯಿಪಾಠ ಮಾಡಬೇಡಿ. ಹೇಗೆ ಪರಿಚಯ, ಅವನ ಕೆಲಸ ಏನು, ಕಳೆದ ಸಲ ಬಂದಾಗ ಏನೇನು ಮಾಡಿದಿರಿ, ಅವನ ಜೊತೆ ಯಾರಿರುತ್ತಾರೆ, ಇಂಥವೇ ಪ್ರಶ್ನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ತಂಗಿಗೆ ಅವನ ಸಂಬಳ ಗೊತ್ತಿರಲಿಲ್ಲ. ‘ನಾನು ಕೇಳಿಲ್ಲ, ಅಪ್ಪ ಕೇಳಿದ್ರು’ ಅಂದಳಂತೆ. ಅಧಿಕಾರಿ ನಕ್ಕರಂತೆ. ಇನ್ನೂ ಕಾಗದ ಬೇಕಾದರೆ 221(ಜಿ) ಎಂಬ ಚೀಟಿ ಕೊಡುತ್ತಾರೆ, ಅದರಲ್ಲಿ ಕೇಳಿದ್ದನ್ನು ಒದಗಿಸಿದರೆ ಫೈಲ್ ಮತ್ತೆ ನೋಡುತ್ತಾರೆ.

ವೀಸಾ ಬಂತು ಅಂತ ಆ ಫೈಲನ್ನು ಅಟ್ಟಕ್ಕೆ ಹಾಕಬೇಡಿ. ಅಮೆರಿಕದಲ್ಲಿ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವ ಗ್ರೀನ್ ಕಾರ್ಡಿನ ಆಯಸ್ಸು ಎರಡೇ ವರ್ಷ. ಅದು ಮುಗಿಯುವ ಮುಂಚಿನ 90 ದಿನದೊಳಗೆ ಐ-751 ಹಾಕಿ, ಸಂಸಾರ ಇನ್ನೂ ನಡೆಯುತ್ತಿದೆ ಎಂದು ಮತ್ತೆ ತೋರಿಸಬೇಕು. ತಂಗಿ ಈಗ ಕರೆಂಟ್ ಬಿಲ್ಲಿನಿಂದ ಹಿಡಿದು ಎಲ್ಲವನ್ನೂ ಒಂದು ಡಬ್ಬದಲ್ಲಿ ತುಂಬಿಡುತ್ತಿದ್ದಾಳೆ. ಮುಯ್ಯಿ ಪುಸ್ತಕ ಮಾತ್ರ ಅವಳಿಗೆ ಸಿಗಲಿಲ್ಲ. ಮುಂಬಯಿಯಿಂದ ಬಂದ ದಿನವೇ ಚಿಕ್ಕಪ್ಪ ಇಸಿದುಕೊಂಡರು. ಆ ವಾರ ಕೆ.ಎಂ.ದೊಡ್ಡಿಯಲ್ಲಿ ಮದುವೆ ಇತ್ತು, ಅವರು ಎಷ್ಟು ಹಾಕಿದ್ದರು ಅಂತ ನೋಡಬೇಕಿತ್ತು.