ಐನೂರು ಅಡಿಯವರು, ಸಾವಿರ ಅಡಿಯವರು

ಸಿಡ್ನಿಯಿಂದ ಒಂದೂವರೆ ಗಂಟೆ ಕಾರು ಓಡಿಸಿದರೆ ಒಂದು ಹುಲ್ಲಿನ ರನ್‌ವೇ ಸಿಗುತ್ತದೆ. ಹೆಸರು ಬೇಡ, ಅಲ್ಲಿನವರು ಇನ್ನೂ ನನ್ನ ಜೊತೆ ಟೀ ಕುಡಿಯುತ್ತಾರೆ. 2011ರಲ್ಲಿ ನಾನು ಅಲ್ಲಿ ಡ್ರಿಫ್ಟರ್ ಹಾರಿಸಲು ಕಲಿತೆ.

ಡ್ರಿಫ್ಟರ್ ಅಂದರೆ ಒಂದು ಉದ್ದನೆಯ ಅಲ್ಯೂಮಿನಿಯಂ ಪೈಪು. ಅದರ ಮುಂದಿನ ತುದಿಯಲ್ಲಿ ಒಂದರ ಹಿಂದೆ ಒಂದು ಎರಡು ಸೀಟು. ತಲೆಯ ಮೇಲೆ ಬಟ್ಟೆ ಹೊದಿಸಿದ ರೆಕ್ಕೆ, ಅದನ್ನು ಬಿಗಿದ ತಂತಿಗಳು, ಬೆನ್ನ ಹಿಂದೆ ಟೂ ಸ್ಟ್ರೋಕ್ ಇಂಜಿನ್. ಮುಂದೆ ನಿಮ್ಮ ಶೂ, ಅದರಾಚೆ ಆಕಾಶ, ಅಷ್ಟೇ. ನಮ್ಮದಕ್ಕೆ ಪೆಟ್ರೋಲಿಗೆ ಆಯಿಲ್ ಕಲಸಿ ಹಾಕಬೇಕಿತ್ತು. ಮೊದಲ ದಿನ ಆ ಹೊಗೆ ಮೂಗಿಗೆ ಬಡಿದಾಗ ಅಪ್ಪನ ಯೆಜ್ಡಿ ನೆನಪಾಯಿತು. ಬೆಳೆದದ್ದು ಯಲಹಂಕದ ಕಡೆ, ಜಕ್ಕೂರಿನ ಮೇಲೆ ಸುತ್ತುವ ಪುಟ್ಟ ವಿಮಾನಗಳನ್ನು ನೋಡುತ್ತಾ. ಹಾರುವುದಕ್ಕೆ ಮಾತ್ರ ಇಷ್ಟು ದೂರ ಬರಬೇಕಾಯಿತು.

ಒಂದು ಶನಿವಾರ ಬೆಳಿಗ್ಗೆ ಒಬ್ಬನೇ ಸರ್ಕ್ಯೂಟ್ ಹೊಡೆಯುತ್ತಿದ್ದೆ. ಸರ್ಕ್ಯೂಟ್ ಅಂದರೆ ಏರಿ, ರನ್‌ವೇಯ ಪಕ್ಕದಲ್ಲೇ ಒಂದು ಆಯತ ಬರೆದ ಹಾಗೆ ಸುತ್ತಿ, ಮತ್ತೆ ಇಳಿಯುವುದು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಎತ್ತರ ಹಂಚಿದ್ದಾರೆ. ನಿಧಾನದ ವಿಮಾನಗಳಿಗೆ ನೆಲದಿಂದ 500 ಅಡಿ, ಸೆಸ್ನಾದಂಥ ಲೋಹದ ಚಿಕ್ಕ ವಿಮಾನಗಳಿಗೆ 1000, ವೇಗದವಕ್ಕೆ 1500. ನಾನು 500 ಅಡಿಯಲ್ಲಿ, ಒಳಗಿನ ಚಿಕ್ಕ ಆಯತದಲ್ಲಿದ್ದೆ. ಇಳಿಯಲು ರನ್‌ವೇ ಕಡೆ ತಿರುಗಿ ಸುತ್ತ ನೋಡಿದರೆ, ಮೇಲಿಂದ ಒಂದು ಸೆಸ್ನಾ ಅದೇ ರನ್‌ವೇಗೆ ಇಳಿಯುತ್ತಿದೆ. ಅವರಿಗೂ ಅದೇ ಕ್ಷಣಕ್ಕೆ ನಾನು ಕಂಡಿರಬೇಕು. ಇಂಜಿನ್ ಅಬ್ಬರಿಸಿ ಸೆಸ್ನಾ ಮೇಲೇರಿತು.

ಇಳಿದ ಮೇಲೆ ಅವರು ಹೆಡ್‌ಸೆಟ್ ಕತ್ತಿಗೆ ಹಾಕಿಕೊಂಡೇ ಬಂದರು. ಅರವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಷರಟು. ‘ಆ ಹಾರುವ ಹುಲ್ಲು ಕತ್ತರಿಸೋ ಮಷೀನಿಗೆ ರೇಡಿಯೋ ಇದೆಯಾ?’ ಅಂದರು. ಇತ್ತು. ಹೇಳಬೇಕಾದದ್ದೆಲ್ಲ ಹೇಳಿಯೂ ಇದ್ದೆ. ಆದರೆ ಡ್ರಿಫ್ಟರ್‌ನಲ್ಲಿ ಮೈಕ್ ಗಾಳಿಯಲ್ಲೇ ಇರುತ್ತದಲ್ಲ, ಅವರಿಗೆ ಕೇಳಿದ್ದು ಬರೀ ‘ಘೊರ್ರ್’ ಅಂತ.

ನನ್ನ ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ಬಿಸ್ಕತ್ ಡಬ್ಬಿಯನ್ನು ಅವರ ಕಡೆ ತಳ್ಳಿದರು. ಅವರು ಮುಟ್ಟಲಿಲ್ಲ. ಆವತ್ತಿನಿಂದ ನಾನು ಮನಸ್ಸಿನಲ್ಲೇ ಅವರಿಗೆ ಯಜಮಾನರು ಅಂತ ಹೆಸರಿಟ್ಟೆ.

ಮೇಷ್ಟ್ರಿಗೆ ಆಗ ಎಪ್ಪತ್ತರ ಹತ್ತಿರ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಅದು ಬಾಯಿಗೆ ಬರಲು ಆರು ತಿಂಗಳು ಬೇಕಾಯಿತು. ಯಜಮಾನರು ಹೋದ ಮೇಲೆ ಮೇಷ್ಟ್ರು ಹಳೆಯ ಕಥೆ ತೆಗೆದರು. ಈ ಜಗಳವನ್ನು ಹುಟ್ಟಿಸಿದ್ದೇ ಕಾನೂನು ಅನ್ನುವುದು ಅವರ ವಾದ.

1976ರಲ್ಲಿ ಸರ್ಕಾರ 95.10 ಅನ್ನುವ ಒಂದು ಆದೇಶ ಹೊರಡಿಸಿತು. ಹೊಲದಲ್ಲಿ ಮನೆಯಲ್ಲೇ ಕಟ್ಟಿದ ವಿಮಾನ ಹಾರಿಸುವ ಜನ ಆಗಲೇ ಇದ್ದರು. ದೋಣಿ ಕಟ್ಟುತ್ತಿದ್ದ ರಾನ್ ವೀಲರ್ ಎಂಬುವರ ಸ್ಕೌಟ್ ಅನ್ನುವ ಒಂದೇ ಸೀಟಿನ ವಿಮಾನ ಆ ಕಾಲದ್ದು. ಇಂಥವರನ್ನು ತಡೆಯುವುದು ಕಷ್ಟ, ಬಿಡುವುದೂ ಕಷ್ಟ. ಹಾಗಾಗಿ ಬಿಟ್ಟರು, ಆದರೆ 300 ಅಡಿಗಿಂತ ಮೇಲೆ ಹೋಗಬಾರದು ಅಂದರು. ಲೈಸೆನ್ಸ್ ಇರುವ ಜಿಎ, ಅಂದರೆ ಜನರಲ್ ಏವಿಯೇಷನ್ ವಿಮಾನಗಳು ಸಾಮಾನ್ಯವಾಗಿ 500 ಅಡಿಗಿಂತ ಕೆಳಗೆ ಬರುವಂತಿಲ್ಲ. ನಡುವಿನ 200 ಅಡಿಯೇ ಬೇಲಿ.

ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಆದರೆ 300 ಅಡಿಯಲ್ಲಿ ಇಂಜಿನ್ ನಿಂತರೆ ಇಳಿಯಲು ಜಾಗ ಹುಡುಕಲು ಸಿಗುವುದು ಕೆಲವೇ ಸೆಕೆಂಡು. ಆ ಕಾಲದ ಟೂ ಸ್ಟ್ರೋಕ್‌ಗಳು ನಿಲ್ಲುವುದರಲ್ಲಿ ಹೆಸರುವಾಸಿ. ಇನ್ನೊಂದು ತಮಾಷೆ, ಅದೂ ಸಾವಿನ ತಮಾಷೆ. ಒಂದೇ ಸೀಟು ಆದ್ದರಿಂದ ಕಲಿಸುವವರು ಪಕ್ಕದಲ್ಲಿ ಕೂರುವಂತಿರಲಿಲ್ಲ. ಮೇಷ್ಟ್ರು ಕಲಿತದ್ದು ಹಾಗೆಯೇ. ಒಂದು ವಾರ ಹೊಲದಲ್ಲಿ ನೆಲದ ಮೇಲೇ ಓಡಿಸಿದರು. ಆಮೇಲೆ ಒಂದು ಅಡಿ ಎದ್ದು ಕೂತರು, ಆಮೇಲೆ ಮೂರು ಅಡಿ. ಬೇಲಿ ಹತ್ತಿರ ಬಂತು, ಗಾಬರಿಯಲ್ಲಿ ಎಳೆದರು, ಬೇಲಿ ದಾಟಿತು. ‘ಆಗ ಗೊತ್ತಾಯ್ತು, ಈಗ ತಿರುಗಿಸೋದನ್ನೂ ಕಲೀಬೇಕು ಅಂತ’ ಅಂದರು. ಅವರ ಗೆಳೆಯರಲ್ಲಿ ಕೆಲವರು ಹೀಗೆ ಕಲಿಯುವಾಗಲೇ ತೀರಿಕೊಂಡರು. 1987ರಲ್ಲಿ ಸಂಸತ್ತಿನ ಸಮಿತಿಯೊಂದು ಕ್ರೀಡಾ ಹಾರಾಟದ ಸುರಕ್ಷತೆಯ ಬಗ್ಗೆ ವರದಿ ಕೊಟ್ಟಿತು. ಎರಡು ಸೀಟಿನಲ್ಲಿ ಕಲಿಸುವ ಪದ್ಧತಿ ಗಟ್ಟಿಯಾಗಿ ನಿಂತದ್ದು ಆ ವರ್ಷಗಳಲ್ಲೇ. ಎತ್ತರದ ಮಿತಿಯೂ ಹಂತ ಹಂತವಾಗಿ ಏರಿತು. ಇಂಥ ಹಗುರ ವಿಮಾನಗಳಿಗೆ ಅಲ್ಟ್ರಾಲೈಟ್ ಅನ್ನುತ್ತಾರೆ. ಅವುಗಳನ್ನು ಹಾರಿಸುವವರ ಸಂಸ್ಥೆಯಾಗಿ 1983ರಲ್ಲಿ ಹುಟ್ಟಿದ ಆಸ್ಟ್ರೇಲಿಯನ್ ಅಲ್ಟ್ರಾಲೈಟ್ ಫೆಡರೇಷನ್ 2004ರಲ್ಲಿ ರಿಕ್ರಿಯೇಷನಲ್ ಏವಿಯೇಷನ್ ಆಸ್ಟ್ರೇಲಿಯಾ ಆಯಿತು.

ನಾನು ಆ ಸಂಸ್ಥೆಯ ಪೈಲಟ್ ಸರ್ಟಿಫಿಕೇಟ್ ಪಡೆದೆ. ಕನಿಷ್ಠ 20 ಗಂಟೆ ಹಾರಾಟ, ಅದರಲ್ಲಿ 5 ಗಂಟೆ ಒಬ್ಬನೇ. ನನಗೆ 31 ಗಂಟೆ ಹಿಡಿಯಿತು, ನಾಚಿಕೆಯೇನಿಲ್ಲ. ಕಾರು ಓಡಿಸುವಷ್ಟು ಆರೋಗ್ಯ ಇದ್ದರೆ ಸಾಕು. ಸ್ವಂತಕ್ಕೆ ಹಾರಿಸುವ ವಿಮಾನವನ್ನು, ಸಂಸ್ಥೆಯ ಅನುಮತಿ ಪಡೆದು, ನಾವೇ ರಿಪೇರಿ ಮಾಡಿಕೊಳ್ಳಬಹುದು. ಜಿಎ ವಿಮಾನಕ್ಕೆ ಲೈಸೆನ್ಸ್ ಇರುವ ಇಂಜಿನಿಯರೇ ಬೇಕು. ಯಜಮಾನರಂಥವರಿಗೆ ಉರಿಯುವುದು ಇಲ್ಲೇ. ‘ನಾವು ಇಷ್ಟು ಖರ್ಚು ಮಾಡಿ ನಿಯಮ ಪಾಲಿಸ್ತೀವಿ, ಇವರು ಸ್ಪ್ಯಾನರ್ ಹಿಡ್ಕೊಂಡು ಬಂದು ನಮ್ಮ ಆಕಾಶದಲ್ಲೇ ಸುತ್ತುತ್ತಾರೆ.’ ಪೂರ್ತಿ ತಪ್ಪು ಮಾತಲ್ಲ ಅದು. ನಮ್ಮ ಹ್ಯಾಂಗರಿನಲ್ಲಿ ನಾನೇ ಕೆಲವು ತಂತಿಗಳನ್ನು ನೋಡಿ ಕಣ್ಣು ಮುಚ್ಚಿಕೊಂಡಿದ್ದೇನೆ.

ಹೆಂಡತಿ, ಮಗ ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಬೇಕು ಅನ್ನಿಸಿದಾಗ ನಾನೂ ಆ ಕಡೆ ನೋಡಿದೆ. ನಮ್ಮಲ್ಲಿ ಎರಡೇ ಸೀಟು, ಹಗಲು ಮಾತ್ರ. ಕಂಟ್ರೋಲ್ ಟವರ್ ಇರುವ ಕಡೆ ಹೋಗಲು ಆಗ ಕಾಸಾ ಕೊಡುವ ಲೈಸೆನ್ಸೇ ಬೇಕಿತ್ತು. ಕಾಸಾ ಅಂದರೆ ಇಲ್ಲಿನ ವಿಮಾನ ಸುರಕ್ಷತಾ ಇಲಾಖೆ. ಕನ್ನಡದ ಕಿವಿಗೆ ಅದು ‘ಕಾಸು’ ಅಂತಲೇ ಕೇಳುತ್ತದೆ, ಏನು ಮಾಡೋದು. 2014ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ಬಂತು. ನಮ್ಮ ಸರ್ಟಿಫಿಕೇಟ್ ತೋರಿಸಿ, ಇನ್‌ಸ್ಟ್ರಕ್ಟರ್ ಜೊತೆ ಹಾರಿ ತೋರಿಸುವ ಒಂದು ಫ್ಲೈಟ್ ರಿವ್ಯೂ ಮುಗಿಸಿದರೆ, ರಿಕ್ರಿಯೇಷನಲ್ ಪೈಲಟ್ ಲೈಸೆನ್ಸ್ ಸಿಗುತ್ತಿತ್ತು. 2015ರಲ್ಲಿ ಸಿಡ್ನಿಯ ಬ್ಯಾಂಕ್ಸ್‌ಟೌನ್ ವಿಮಾನ ನಿಲ್ದಾಣಕ್ಕೆ ಹೋದೆ.

ಸೆಸ್ನಾ 172 ನನಗಿಂತ ಹಳೆಯದು. ಬಾಗಿಲು ಮುಚ್ಚಿದರೆ ಹಳೇ ಅಂಬಾಸಿಡರ್ ಸದ್ದು. ಹುಡುಗ ಇನ್‌ಸ್ಟ್ರಕ್ಟರ್, ಹೆಚ್ಚೆಂದರೆ 24 ವರ್ಷ. ನನ್ನ ಲಾಗ್‌ಬುಕ್ ತಿರುವಿ, ‘ಇವೆಲ್ಲ ಅಲ್ಟ್ರಾಲೈಟ್ ಗಂಟೆಗಳು’ ಅಂದ. ಗಂಟೆಗೆ ಅರವತ್ತು ನಿಮಿಷವೇ ಅಲ್ವಾ ಅಂದುಕೊಂಡೆ, ಹೇಳಲಿಲ್ಲ. ನಮ್ಮ ವಿಮಾನಗಳ ರೋಟಾಕ್ಸ್ ಇಂಜಿನ್ ಬಗ್ಗೆ ‘ಹಿಮದ ಸ್ಕೂಟರಿನ ಇಂಜಿನ್’ ಅಂದಾಗ ಮಾತ್ರ ಸುಮ್ನೆ ಇರಲಾಗಲಿಲ್ಲ. ಬೆಂಗಳೂರಿನ ಎನ್‌ಎಎಲ್ ಕಟ್ಟಿದ ಹನ್ಸ ತರಬೇತಿ ವಿಮಾನದಲ್ಲಿ ಇರುವುದೂ ರೋಟಾಕ್ಸೇ ಕಣಪ್ಪಾ ಅಂದೆ. ಅವನಿಗೆ ಹನ್ಸ ಗೊತ್ತಿರಲಿಲ್ಲ.

ಮೊದಲ ದಿನ ಅವನು ಗೆದ್ದ. ಹಾರಾಟ ಮುಗಿಸಿ ನಿಲ್ಲಿಸಿದ ಮೇಲೆ ನಾನು ಸೀದಾ ಕೀಲಿ ತಿರುಗಿಸಲು ಹೋದೆ. ಅವನು ನನ್ನ ಕೈ ಹಿಡಿದ. ನಮ್ಮ ಇಂಜಿನ್‌ಗಳನ್ನು ಇಗ್ನಿಷನ್ ಆರಿಸಿಯೇ ನಿಲ್ಲಿಸುವುದು. ಸೆಸ್ನಾದಲ್ಲಿ ಕೆಂಪು ಗುಬುಟಿನ ಮಿಕ್ಸ್ಚರ್ ಎಳೆದು, ಪೆಟ್ರೋಲನ್ನೇ ನಿಲ್ಲಿಸಿ, ಇಂಜಿನ್ ತಾನಾಗಿ ಸಾಯಲು ಬಿಡಬೇಕು. ಇಲ್ಲದಿದ್ದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಉಳಿಯುತ್ತದೆ. ಆಮೇಲೆ ಯಾರಾದರೂ ಪ್ರೊಪೆಲ್ಲರ್ ಮುಟ್ಟಿದಾಗ ಒದ್ದರೆ ಕೈ ಹೋಗುತ್ತದೆ. ರೇಡಿಯೋದಲ್ಲೂ ಅಷ್ಟೇ. ಮೂರು ರನ್‌ವೇ ಪಕ್ಕಪಕ್ಕ, ಟವರ್‌ನವರು ಪಟಪಟ ಹೇಳಿದ್ದನ್ನು ಒಪ್ಪಿಸಬೇಕು. ಪ್ರಾಸ್ಪೆಕ್ಟ್ ಕೆರೆಯ ಮೇಲೆ ಬಂದಾಗ ನಾನು ಇಲ್ಲಿದ್ದೇನೆ ಅಂತ ಹೇಳಬೇಕಿತ್ತು. ನಮ್ಮ ಮನೆಯಿಂದ ವಾಕಿಂಗ್ ಹೋಗುವಷ್ಟು ದೂರದ ಕೆರೆ. ನನ್ನ ನಾಲಿಗೆಗೆ ಆ ಹೆಸರೇ ಬರಲಿಲ್ಲ.

ಮೂರನೇ ದಿನ ಅವನು ಹೇಳದೆ ಕೇಳದೆ ಥ್ರಾಟಲ್ ಮುಚ್ಚಿದ. ಇಂಜಿನ್ ಹೋಯಿತು ಅಂದುಕೋ ಅಂತ. ನನ್ನ ಕೈ ತಾನಾಗಿ ಮೂತಿಯನ್ನು ಕೆಳಗೆ ತಳ್ಳಿತು, ಡ್ರಿಫ್ಟರ್‌ನಲ್ಲಿ ತಳ್ಳುವಷ್ಟೇ ಜೋರಾಗಿ. ಅವನ ಪೆನ್ನು, ಚೆಕ್‌ಲಿಸ್ಟ್, ಎರಡೂ ಚಾವಣಿಗೆ ಹೋದವು. ಡ್ರಿಫ್ಟರ್ ಹಗುರ, ಗಾಳಿಯ ತಡೆ ಜಾಸ್ತಿ. ಇಂಜಿನ್ ನಿಂತರೆ ವೇಗ ಬಿಸಿ ತವೆಯ ಮೇಲಿನ ನೀರಿನ ಹಾಗೆ ಮಾಯವಾಗುತ್ತದೆ. ಇಂಜಿನ್ ಎತ್ತರದಲ್ಲಿ ಇರುವುದರಿಂದ, ಪವರ್ ಹೋದಾಗ ಮೂತಿ ಮೇಲೇಳಲು ನೋಡುತ್ತದೆ. ಒಂದು ಸೆಕೆಂಡ್ ಯೋಚಿಸಿದರೂ ತಡ. ಸೆಸ್ನಾಗೆ ತೂಕ ಇದೆ, ಉಸಿರು ತೆಗೆದುಕೊಳ್ಳಲು ಸಮಯ ಕೊಡುತ್ತದೆ. ನಿಧಾನವಾಗಿ 65 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 120 ಕಿ.ಮೀ.ಗೆ ಹೊಂದಿಸಿದರೆ ತೇಲುತ್ತದೆ.

ಪೆನ್ನು ಹುಡುಕಿಕೊಂಡ ಮೇಲೆ ಅವನು, ‘ನಿನ್ನ ಕಾಲು ಚೆನ್ನಾಗಿದೆ’ ಅಂದ. ರಡ್ಡರ್ ಬಗ್ಗೆ, ಅಂದರೆ ಪೆಡಲ್ ಒತ್ತಿ ಆಡಿಸುವ ಬಾಲದ ಹಲಗೆ. ಅವನ ಬೇರೆ ವಿದ್ಯಾರ್ಥಿಗಳು ಪೆಡಲ್ ಮೇಲೆ ಕಾಲನ್ನು ಚಪ್ಪಲಿ ಸ್ಟ್ಯಾಂಡಿನಲ್ಲಿ ಬಿಟ್ಟ ಹಾಗೆ ಬಿಡುತ್ತಿದ್ದರಂತೆ. ಆಮೇಲೆ ಅವನು ಗಂಟೆಗಳ ವಿಷಯ ಎತ್ತಲಿಲ್ಲ.

ಲೈಸೆನ್ಸ್ ಬಂತು. ಹಣವೂ ಹೋಯಿತು. ಡ್ರಿಫ್ಟರ್ ಪಾಠಕ್ಕೆ ಗಂಟೆಗೆ 170 ಡಾಲರ್ ಕೊಡುತ್ತಿದ್ದವನು ಅದರ ಎರಡರಷ್ಟು ಕೊಟ್ಟೆ.

2016ರಲ್ಲಿ ಬಾಡಿಗೆ ಸೆಸ್ನಾದಲ್ಲಿ ಹೆಂಡತಿ, ಮಗನ ಜೊತೆ ಅದೇ ಹುಲ್ಲಿನ ರನ್‌ವೇಗೆ ಹೋದೆ. ಸಾವಿರ ಅಡಿಯಲ್ಲಿ ಸೇರಿಕೊಂಡೆ, ರೇಡಿಯೋದಲ್ಲಿ ಸ್ಪಷ್ಟವಾಗಿ ಹೇಳಿದೆ, ಉತ್ತರ ಇಲ್ಲ. ಖಾಲಿ ಅಂದುಕೊಂಡೆ. ಎಡಕ್ಕೆ ತಿರುಗಿದೆ, ಮತ್ತೆ ಎಡಕ್ಕೆ. ರೆಕ್ಕೆ ಸಮ ಆದಾಗ ನನ್ನ ಸೆಸ್ನಾದ ಮೂತಿಯ ಕೆಳಗೆ ಒಂದು ಹಳದಿ ಥ್ರಸ್ಟರ್, ಅದೂ ಒಂದು ಅಲ್ಟ್ರಾಲೈಟ್! ಪೂರ್ತಿ ಪವರ್, ಮೇಲಕ್ಕೆ. ಹಿಂದಿನ ಸೀಟಿನಿಂದ ಮಗ ‘ಅಪ್ಪಾ, ಇನ್ನೊಂದ್ಸಲ!’ ಅಂದ. ಹೆಂಡತಿ ಏನೂ ಅನ್ನಲಿಲ್ಲ. ಅದು ಇನ್ನೂ ಭಯ.

ಕಾರಣ ಆಮೇಲೆ ಕೂತು ಲೆಕ್ಕ ಹಾಕಿದೆ. ಸೆಸ್ನಾದ ರೆಕ್ಕೆ ತಲೆಯ ಮೇಲಿದೆ. ಎಡಕ್ಕೆ ತಿರುಗುವಾಗ ಎಡ ರೆಕ್ಕೆ ಕೆಳಗಿಳಿದು ಒಳಗಿನ ಭಾಗವನ್ನೆಲ್ಲ ಮುಚ್ಚುತ್ತದೆ. ಒಳಗಿನ ಚಿಕ್ಕ ಆಯತದಲ್ಲಿ, 500 ಅಡಿ ಕೆಳಗೆ ಇರುವವರು ಸರಿಯಾಗಿ ಆ ರೆಕ್ಕೆಯ ಹಿಂದೆಯೇ ಇರುತ್ತಾರೆ. ತಿರುವಿನ ಪೂರ್ತಿ ಅವರು ಕಾಣುವುದಿಲ್ಲ. 2011ರಲ್ಲಿ ಯಜಮಾನರಿಗೆ ನಾನು ಕಾಣದಿದ್ದದ್ದೂ ಹೀಗೆಯೇ. ಎರಡೂ ವಿಮಾನಗಳಲ್ಲಿ ಕೂತ ಮೇಲೆಯೇ ನನಗೆ ಇದು ಹೊಳೆದದ್ದು. ಈಗ ತಿರುಗುವ ಮೊದಲು ಎಡ ರೆಕ್ಕೆಯನ್ನು ಒಮ್ಮೆ ಮೇಲೆತ್ತಿ, ಇಣುಕಿ ನೋಡಿ, ಆಮೇಲೆ ತಿರುಗುತ್ತೇನೆ.

ಥ್ರಸ್ಟರ್‌ನಲ್ಲಿ ರೇಡಿಯೋನೇ ಇರಲಿಲ್ಲ. ಅಂಥ ರನ್‌ವೇಯಲ್ಲಿ ಇರಲೇಬೇಕೆಂಬ ನಿಯಮವೂ ಇಲ್ಲ. ಆದರೂ ಇಳಿದು ಸರಸರ ನಡೆದೆ, ಬೈಯಲು ಬಾಯಿ ತೆರೆದೂ ಆಗಿತ್ತು. ಮೇಷ್ಟ್ರು ನನ್ನ ಕತ್ತಿನಲ್ಲಿ ತೂಗುತ್ತಿದ್ದ ಹೆಡ್‌ಸೆಟ್ ನೋಡಿದರು. ಬಿಸ್ಕತ್ ಡಬ್ಬಿ ತಳ್ಳಿದರು. ನಾನು ಎರಡು ತೆಗೆದುಕೊಂಡೆ.

ಮುಂದಿನ ವರ್ಷ ಯಜಮಾನರು ಮತ್ತೆ ಬಂದರು, ಈ ಸಲ ಕಾರಿನಲ್ಲಿ. ಹೃದಯದ್ದೇನೋ ಸಣ್ಣ ತೊಂದರೆ. ಮೆಡಿಕಲ್ ಸರ್ಟಿಫಿಕೇಟಿಗೆ ಪ್ರತಿ ಸಲ ಹೊಸ ಟೆಸ್ಟ್ ಮಾಡಿಸಿ ಸಾಕಾಗಿ ಬಿಟ್ಟುಬಿಟ್ಟಿದ್ದರು. ಕಾರು ಓಡಿಸಲು ಅಡ್ಡಿಯಿಲ್ಲ ಅಂತ ಡಾಕ್ಟರ್ ಹೇಳಿದ್ದರಂತೆ. ವಯಸ್ಸಾದ ಜಿಎ ಪೈಲಟ್‌ಗಳು ಹೀಗೆ ನಮ್ಮ ಕಡೆ ಬರುವುದು ಹೊಸದೇನಲ್ಲ. ಮೇಷ್ಟ್ರೇ ಅವರಿಗೆ ಟೆಕ್ನಾಂ ಅನ್ನುವ ಎರಡು ಸೀಟಿನ ಹಗುರ ವಿಮಾನದಲ್ಲಿ ಕಲಿಸಿದರು. ಸಾವಿರಾರು ಗಂಟೆ ಹಾರಿಸಿದ ಮನುಷ್ಯ ಮೊದಲ ದಿನ ನೆಲದಿಂದ ಹತ್ತು ಅಡಿ ಮೇಲೆಯೇ ಮೂತಿ ಎತ್ತಿ ನಿಂತರು. ಹಗುರದ ವಿಮಾನ ಅಲ್ಲೇ ವೇಗ ಕಳೆದುಕೊಂಡು ಧಡ್ ಅಂತ ಕೂತಿತು. ಆಯಿಲ್ ಕಡ್ಡಿ ಎಳೆದು ನೋಡಿ, ‘ಆಯಿಲೇ ಇಲ್ಲ!’ ಅಂತ ಕೂಗಿದರು. ರೋಟಾಕ್ಸ್ 912ರಲ್ಲಿ ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಬೇಕು. ಇಂಜಿನ್ ಅಡಿಯ ಆಯಿಲ್ ಟ್ಯಾಂಕಿಗೆ ಹಿಂದಿರುಗಿ ‘ಗುಳಗುಳ’ ಅಂತ ತೇಗಬೇಕು. ಆಮೇಲೆ ಕಡ್ಡಿ. ಇಲ್ಲದಿದ್ದರೆ ತುಂಬಿದ ಟ್ಯಾಂಕಿಗೇ ಮತ್ತೆ ಆಯಿಲ್ ಸುರಿಯುತ್ತೀರಿ.

ಈಗ ಜಗಳದ ಗೆರೆಯೇ ಬೇರೆ ಕಡೆ ಹೋಗಿದೆ. ನಮ್ಮ ವಿಮಾನಗಳ ತೂಕದ ಮಿತಿ 544 ಕೆ.ಜಿ. ಇದ್ದದ್ದು 600 ಆಯಿತು, ಈಗ 760ರವರೆಗೂ ಬಾಗಿಲು ತೆರೆದಿದೆ. ಸೆಸ್ನಾ 152ರ ಗರಿಷ್ಠ ತೂಕವೇ 757. ಮೇಷ್ಟ್ರು ಇದಕ್ಕೆ ಒಂದು ದಿನ ಪೂರ್ತಿ ಗೊಣಗಿದರು. ಬಟ್ಟೆ, ಪೈಪಿನ ಜನಕ್ಕಾಗಿ ಕಟ್ಟಿದ ಮನೆಯಲ್ಲಿ ಸೆಸ್ನಾಗೆ ಕೋಣೆ ಕೊಟ್ಟರು ಅನ್ನುವುದು ಅವರ ಸಿಟ್ಟು. ಆ ಕಡೆ ಕಾಸಾ 2024ರ ಫೆಬ್ರವರಿಯಲ್ಲಿ, ನಮ್ಮ ಆರೋಗ್ಯದ ಬಗ್ಗೆ ನಾವೇ ಬರೆದುಕೊಡುವ ಐದನೇ ದರ್ಜೆಯ ಮೆಡಿಕಲ್ ತಂದಿತು. ಸೆಸ್ನಾಗೆ ವಾಪಸ್ ಹೋಗ್ತೀರಾ ಅಂತ ಯಜಮಾನರನ್ನು ಕೇಳಿದೆ. ‘ಅದು ಗಂಟೆಗೆ ಮೂವತ್ತೈದು ಲೀಟರ್ ಕುಡಿಯುತ್ತೆ, ಇದು ಹದಿನೆಂಟು’ ಅಂದರು. ಇಸ್ತ್ರಿ ಷರಟು ಮಾತ್ರ ಬಿಟ್ಟಿಲ್ಲ.

ಕಳೆದ ತಿಂಗಳು ನಾನು ಟೀ ಹಿಡಿದು ಹೊರಗೆ ಕೂತಿದ್ದೆ. ಯಜಮಾನರು ಟೆಕ್ನಾಂನಲ್ಲಿ ಸಾವಿರ ಅಡಿಯಲ್ಲಿ, ಮೇಷ್ಟ್ರು ಡ್ರಿಫ್ಟರ್‌ನಲ್ಲಿ ಐನೂರರಲ್ಲಿ. ತಿರುವಿನ ಮೊದಲು ಟೆಕ್ನಾಂನ ಎಡ ರೆಕ್ಕೆ ಒಮ್ಮೆ ಮೇಲೆದ್ದು ಇಳಿಯಿತು. ಪಕ್ಕದ ರೇಡಿಯೋದಲ್ಲಿ ಯಜಮಾನರ ದನಿ ಬಂತು: ‘ಡ್ರಿಫ್ಟರ್ ಕಾಣ್ತಿದೆ, ನೀವು ಮೊದಲು ಇಳೀರಿ.’

ಉತ್ತರವಾಗಿ ‘ಘೊರ್ರ್’ ಅಂತ ಬಂತು.

‘ಅರ್ಥ ಆಯ್ತು’ ಅಂದರು ಯಜಮಾನರು.